ನಮ್ಮ ಸರ್ವಿಸ್ ದುಡ್ಡು ಎಲ್ಲುಂಟು?

ಕಳೆದ ಚಳಿಗಾಲದಲ್ಲಿ ಶಾರ್ಜಾದ ಒಂದು ಹಾಲಿನಲ್ಲಿ ಊರಿನವರದ್ದೇ ಒಂದು ಕಾರ್ಯಕ್ರಮ ಇತ್ತು. ಮುಖ್ಯ ಅತಿಥಿಗಳು ಆಸ್ಪತ್ರೆ, ಕ್ಲಿನಿಕ್, ಫಾರ್ಮಸಿ ಎಲ್ಲ ಇರುವ ಒಂದು ಕಂಪನಿಯ ದೊಡ್ಡವರು. ಶಾಲು ಹೊದಿಸಿ ಆಯಿತು, ಹಣ್ಣಿನ ಬುಟ್ಟಿ ಕೊಟ್ಟಾಯಿತು, ಸ್ಮರಣಿಕೆ ಹಿಡಿದು ಫೋಟೋ ತೆಗೆದಾಯಿತು. ಆಮೇಲೆ ಮೈಕ್ ಹಿಡಿದು ಅವರು ಹೇಳಿದರು: "ನಮ್ಮದು ವ್ಯಾಪಾರ ಅಲ್ಲ, ಸೇವೆ." ಜೋರಾಗಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ಊಟದ ಹೊತ್ತಿಗೆ ನನ್ನ ಹೆಂಡತಿಯ ಪರಿಚಯದ ಒಬ್ಬಳು ನರ್ಸ್ ಸಿಕ್ಕಿದಳು. ಬೆಳ್ತಂಗಡಿ ಕಡೆಯವಳು. ಬೇರೊಂದು ಕಂಪನಿಯಲ್ಲಿ ಹನ್ನೆರಡು ವರ್ಷ ದುಡಿದು, ಊರಲ್ಲಿ ತಾಯಿ ಹಾಸಿಗೆ ಹಿಡಿದಿದ್ದಾರೆಂದು ರಾಜೀನಾಮೆ ಕೊಟ್ಟಿದ್ದಳು. ನಾನು ಲೆಕ್ಕದವನೆಂದು ಗೊತ್ತಿದ್ದರಿಂದ ಬ್ಯಾಗಿನಿಂದ ಒಂದು ಕಾಗದ ತೆಗೆದು ತೋರಿಸಿದಳು. ಹನ್ನೆರಡು ವರ್ಷಕ್ಕೆ 21,000 ದಿರ್ಹಮ್ ಗ್ರಾಚ್ಯುಟಿ. ಅದೂ ಆರು ಕಂತಿನಲ್ಲಿ. "ಅಣ್ಣ, ಸೇವೆ ಅಂದ್ರೆ ಇಂಗ್ಲಿಷ್‌ನಲ್ಲಿ ಸರ್ವಿಸ್ ಅಲ್ವಾ? ನನ್ನ ಸರ್ವಿಸ್ ದುಡ್ಡು ಎಲ್ಲುಂಟು ಅಂತ ಇವರಲ್ಲಿ ಯಾರನ್ನಾದ್ರೂ ಒಮ್ಮೆ ಕೇಳ್ತೀರಾ?" ಎಂದಳು.

ನಾನು ಕೇಳಲಿಲ್ಲ. ಬಿರಿಯಾನಿ ತಿಂದು ಮನೆಗೆ ಬಂದೆ. ಅವತ್ತು ಕೇಳದೆ ಬಂದ ತಪ್ಪಿಗೆ ಇವತ್ತು ಇದನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ. ಬಿ.ಕಾಂ. ಮುಗಿಸಿ 2006ರಲ್ಲಿ ಈ ದೇಶಕ್ಕೆ ಬಂದವನು. ಹನ್ನೊಂದು ವರ್ಷ ಒಂದು ಹೆಲ್ತ್‌ಕೇರ್ ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದೆ. ಈಗ ಬೇರೆ ಕಡೆ ಇದ್ದೇನೆ. ಆ ಕಂಪನಿಯ ಹೆಸರು ಹೇಳುವುದಿಲ್ಲ. ಒಂದರ ಹೆಸರು ಹೇಳಿದರೆ ಉಳಿದವರು ತಾವು ಸಾಚಾ ಎಂದು ಮೀಸೆ ತಿರುವುತ್ತಾರೆ. ನಾನು ಹೇಳಲು ಹೊರಟದ್ದು ಒಬ್ಬ ಕೆಟ್ಟ ಯಜಮಾನನ ಕಥೆ ಅಲ್ಲ. ಲೆಕ್ಕ ಬರೆಯುವ ಒಂದು ಪದ್ಧತಿಯ ಕಥೆ. ಆ ಲೆಕ್ಕ ಬರೆದ ಕೈಗಳಲ್ಲಿ ನನ್ನ ಕೈಯೂ ಒಂದು.

ಬೇಸಿಕ್ ಎಂಬ ಗುಟ್ಟು

ಹೊಸ ನರ್ಸ್, ಲ್ಯಾಬ್ ಟೆಕ್ನಿಷಿಯನ್, ರಿಸೆಪ್ಷನ್ ಹುಡುಗಿ, ಆಂಬುಲೆನ್ಸ್ ಡ್ರೈವರ್, ಯಾರೇ ಸೇರಲಿ, ಅವರ ಸಂಬಳವನ್ನು ತುಂಡು ಮಾಡುವ ಎಕ್ಸೆಲ್ ಶೀಟ್ ನನ್ನ ಕಂಪ್ಯೂಟರಿನಲ್ಲಿತ್ತು. ಮ್ಯಾನೇಜರ್ ಹೇಳಿದ್ದು ಒಂದೇ ಮಾತು: "ಬೇಸಿಕ್ 40 ಶೇಕಡಾ ದಾಟಬಾರದು." ಉಳಿದದ್ದನ್ನು ವಸತಿ ಭತ್ಯೆ, ಸಾರಿಗೆ ಭತ್ಯೆ, ಇತರ ಭತ್ಯೆ ಎಂದು ಹಂಚಬೇಕು. ಒಟ್ಟು ಸಂಬಳ ಅಷ್ಟೇ ಇರುವುದರಿಂದ ಸೇರುವವರಿಗೆ ಏನೂ ಅನಿಸುವುದಿಲ್ಲ. ತಿಂಗಳ ಕೊನೆಗೆ ಖಾತೆಗೆ 5,000 ಬಂದರೆ ಸಾಕು, ಅದು ಯಾವ ಹೆಸರಿನಲ್ಲಿ ಬಂದರೇನು ಎಂದು ಸಹಿ ಹಾಕುತ್ತಾರೆ. ನಮ್ಮವರು ಆಫರ್ ಲೆಟರಿನಲ್ಲಿ ಓದುವುದು ಕೊನೆಯ ಸಾಲನ್ನು ಮಾತ್ರ. ಕಂಪನಿ ಬರೆಯುವುದು ಮೊದಲ ಸಾಲನ್ನು ಲೆಕ್ಕ ಹಾಕಿ.

ಏಕೆಂದರೆ ಈ ದೇಶದ ಕಾರ್ಮಿಕ ಕಾನೂನಿನಲ್ಲಿ ಗ್ರಾಚ್ಯುಟಿ ಬೇಸಿಕ್ ಮೇಲೆ ಮಾತ್ರ. 2022ರ ಫೆಬ್ರವರಿಯಲ್ಲಿ ಜಾರಿಗೆ ಬಂದ ಹೊಸ ಕಾನೂನಿನಲ್ಲೂ ಅದೇ ಉಂಟು. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್, ಆಮೇಲೆ ಪ್ರತಿ ವರ್ಷಕ್ಕೆ 30 ದಿನದ ಬೇಸಿಕ್, ಒಟ್ಟು ಎರಡು ವರ್ಷದ ಸಂಬಳ ಮೀರುವಂತಿಲ್ಲ. ಬೇಸಿಕ್ ಒಟ್ಟು ಸಂಬಳದಲ್ಲಿ ಇಷ್ಟು ಪಾಲು ಇರಲೇಬೇಕು ಎಂಬ ಕಟ್ಟುಪಾಡು ಇಲ್ಲ. ಬಾಗಿಲು ತೆರೆದಿರುವುದು ಅಲ್ಲೇ.

ಆ ನರ್ಸ್ ತಂಗಿಯ ಲೆಕ್ಕವನ್ನೇ ತೆಗೆದುಕೊಳ್ಳಿ. ಒಟ್ಟು ಸಂಬಳ 5,000, ಅದರಲ್ಲಿ ಬೇಸಿಕ್ 2,000. ಮೊದಲ ಐದು ವರ್ಷಕ್ಕೆ 105 ದಿನ, ಉಳಿದ ಏಳು ವರ್ಷಕ್ಕೆ 210 ದಿನ, ಒಟ್ಟು 315 ದಿನ. 2,000ವನ್ನು 30ರಿಂದ ಭಾಗಿಸಿ 315ರಿಂದ ಗುಣಿಸಿದರೆ 21,000. ಕಾಗದದಲ್ಲಿದ್ದ ಲೆಕ್ಕ ಸರಿಯೇ. ಆದರೆ ಅದೇ 5,000 ಸಂಬಳದಲ್ಲಿ ಬೇಸಿಕ್ 3,500 ಎಂದು ಬರೆದಿದ್ದರೆ ಅವಳಿಗೆ ಸಿಗಬೇಕಾದದ್ದು 36,750. ವ್ಯತ್ಯಾಸ 15,750 ದಿರ್ಹಮ್. ದಿರ್ಹಮಿಗೆ 23 ರೂಪಾಯಿ ಹಿಡಿದರೂ ಮೂರೂವರೆ ಲಕ್ಷಕ್ಕಿಂತ ಮೇಲೆ. ಸೇರಿದ ದಿನ ಅವಳ ಜಾಗದಲ್ಲಿ ಯಾರೋ ನನ್ನಂಥವನು ಒಂದು ಕಾಲಮಿನಿಂದ ಇನ್ನೊಂದು ಕಾಲಮಿಗೆ 1,500 ಸರಿಸಿದ. ಅದಕ್ಕೆ ಹಿಡಿದದ್ದು ಅರ್ಧ ನಿಮಿಷ.

ಕಥೆ ಗ್ರಾಚ್ಯುಟಿಗೆ ಮುಗಿಯುವುದಿಲ್ಲ. ಓವರ್‌ಟೈಮ್ ಲೆಕ್ಕವೂ ಬೇಸಿಕ್ ಮೇಲೆಯೇ. ಬೇಸಿಕ್ 2,000 ಇದ್ದವರ ಒಂದು ಗಂಟೆಯ ಬೆಲೆ 8 ದಿರ್ಹಮ್ 33 ಫಿಲ್ಸ್, ಶೇಕಡಾ 25 ಸೇರಿಸಿದರೆ ಹತ್ತೂವರೆ ದಿರ್ಹಮ್ ಹತ್ತಿರ. ಕೆಲಸ ಬಿಡುವಾಗ ಉಳಿದ ರಜೆಯ ಹಣವೂ ಬೇಸಿಕ್ ಮೇಲೆ. 2023ರಿಂದ ಕಡ್ಡಾಯವಾದ ನಿರುದ್ಯೋಗ ವಿಮೆಯೂ ಬೇಸಿಕ್ ಮೇಲೆ. ಕೆಲಸ ಹೋದರೆ ಬೇಸಿಕ್‌ನ ಶೇಕಡಾ 60, ಅದೂ ಗರಿಷ್ಠ ಮೂರು ತಿಂಗಳು. 2,000 ಬೇಸಿಕ್ ಇದ್ದವರಿಗೆ ತಿಂಗಳಿಗೆ 1,200 ದಿರ್ಹಮ್. ಶಾರ್ಜಾದಲ್ಲಿ ಬಾಡಿಗೆ ಕೊಟ್ಟು, ತಿಂದು, ಊರಿಗೂ ಕಳಿಸುವವರಿಗೆ ಇದು ಎಷ್ಟು ದಿನಕ್ಕೆ ಬರುತ್ತದೆ ಎಂದು ನೀವೇ ಹೇಳಿ.

ಹ್ಯಾಂಡೋವರಿನ ಅರ್ಧ ಗಂಟೆ

ಆಸ್ಪತ್ರೆಯ ಕೆಲಸದಲ್ಲಿ ಇನ್ನೊಂದು ಉಂಟು, ಬೇರೆ ಕಂಪನಿಯವರಿಗೆ ಇದು ಅಷ್ಟು ಗೊತ್ತಿರಲಿಕ್ಕಿಲ್ಲ. ಹನ್ನೆರಡು ಗಂಟೆಯ ಶಿಫ್ಟ್ ಎಂದರೆ ಹನ್ನೆರಡು ಗಂಟೆ ಅಲ್ಲ. ಯಾವ ರೋಗಿಗೆ ಯಾವ ಇಂಜೆಕ್ಷನ್ ಕೊಟ್ಟಾಯಿತು, ಯಾರಿಗೆ ಡ್ರಿಪ್ ನಡೆಯುತ್ತಿದೆ, ಯಾರ ರಿಪೋರ್ಟ್ ಬರಬೇಕು, ಇದೆಲ್ಲ ಮುಂದಿನ ಶಿಫ್ಟಿನವರಿಗೆ ಹೇಳಿಕೊಡದೆ ನರ್ಸ್ ಹೊರಡುವಂತಿಲ್ಲ. ಹೊರಟರೆ ಅದು ರೋಗಿಯ ಜೀವದ ಪ್ರಶ್ನೆ. ಈ ಹ್ಯಾಂಡೋವರಿಗೆ ಅರ್ಧ ಗಂಟೆ ಹೋಗುತ್ತದೆ. ನಮ್ಮ ಕಂಪನಿಯಲ್ಲಿ ಪಂಚಿಂಗ್ ಯಂತ್ರ ಅದನ್ನು ದಾಖಲಿಸುತ್ತಿತ್ತು, ಪೇರೋಲ್ ಅದನ್ನು ಅಳಿಸುತ್ತಿತ್ತು. ಆದರೆ ಬೆಳಿಗ್ಗೆ ಹತ್ತು ನಿಮಿಷ ತಡವಾದರೆ ಅದೇ ಯಂತ್ರದ ಮಾತು ವೇದವಾಕ್ಯ, ಕಡಿತ ಗ್ಯಾರಂಟಿ.

ತಿಂಗಳಿಗೆ 16 ಶಿಫ್ಟ್ ಎಂದು ಹಿಡಿಯಿರಿ. ಎಂಟು ಗಂಟೆ ಆಯಿತು. ರಜೆಯ ತಿಂಗಳು ಬಿಟ್ಟು ಹನ್ನೊಂದು ತಿಂಗಳಿಗೆ 88 ಗಂಟೆ. ಅಂದರೆ ಒಬ್ಬೊಬ್ಬ ನರ್ಸ್ ವರ್ಷಕ್ಕೆ ಏಳು ಪೂರ್ತಿ ಶಿಫ್ಟ್ ಪುಕ್ಕಟೆ ಕೆಲಸ ಮಾಡುತ್ತಾಳೆ. ಇದನ್ನು ಒಮ್ಮೆ ಸಭೆಯಲ್ಲಿ ಹೇಳಿದಾಗ ಎಚ್‌ಆರ್‌ನವರು ನಕ್ಕು, "ಅದು ಸೇವಾ ಮನೋಭಾವ" ಎಂದರು. ಸೇವೆ ಎಂಬ ಪದ ಯಾವಾಗ ಬರುತ್ತದೆ ಎಂದು ಗಮನಿಸಿ. ರೋಗಿಗೆ ಬಿಲ್ ಮಾಡುವಾಗ ಅದು ಬರುವುದಿಲ್ಲ. ವಿಮಾ ಕಂಪನಿಯ ಜೊತೆ ದರ ಚೌಕಾಸಿ ಮಾಡುವಾಗ ಬರುವುದಿಲ್ಲ. ನೌಕರರ ಗಂಟೆ ಲೆಕ್ಕ ಹಾಕುವಾಗ ಮಾತ್ರ ಬರುತ್ತದೆ.

ವಿಮೆಯ ಮಾತು ಬಂತು, ಅದನ್ನೂ ಹೇಳುತ್ತೇನೆ. ಇಲ್ಲಿ ಆಸ್ಪತ್ರೆಗಳ ಆದಾಯದ ದೊಡ್ಡ ಪಾಲು ವಿಮಾ ಕ್ಲೇಮಿನಿಂದ ಬರುವುದು. ಕೆಲವು ಕ್ಲೇಮ್ ತಿರಸ್ಕಾರ ಆಗುತ್ತವೆ. ಕೋಡ್ ತಪ್ಪು, ಅನುಮತಿ ಪಡೆದಿಲ್ಲ, ದಾಖಲೆ ಸಾಲದು, ಏನೇನೋ ಕಾರಣ. ನಮ್ಮಲ್ಲಿ ತಿರಸ್ಕಾರವಾದ ಮೊತ್ತವನ್ನು ರಿಸೆಪ್ಷನ್, ಬಿಲ್ಲಿಂಗ್, ಕೋಡಿಂಗ್‌ನವರ ಇನ್ಸೆಂಟಿವಿನಿಂದ ಕತ್ತರಿಸುವ ಪದ್ಧತಿ ತಂದರು. ಕ್ಲೇಮ್ ಪಾಸಾದರೆ ಲಾಭ ಕಂಪನಿಗೆ, ಬಿದ್ದುಹೋದರೆ ನಷ್ಟ ಕೌಂಟರಿನ ಹುಡುಗಿಗೆ. ನನಗೆ ಆ ಪಟ್ಟಿ ಮಾಡುವಾಗಲೆಲ್ಲ ಊರಿನ ಬೀಡಿ ಬ್ರಾಂಚ್ ನೆನಪಾಗುತ್ತಿತ್ತು. ಕಟ್ಟಿ ತಂದ ಬೀಡಿಯಲ್ಲಿ ಇದು ಸಪೂರ, ಇದರ ಬಾಯಿ ಸರಿ ಮಡಚಿಲ್ಲ ಎಂದು ಒಂದು ಹಿಡಿ ಬದಿಗೆ ಹಾಕಿ ಅದರ ಕೂಲಿ ಕಡಿಯುತ್ತಿದ್ದರು. ನಮ್ಮ ಉಮ್ಮ ತಲೆ ತಗ್ಗಿಸಿ ನಿಲ್ಲುತ್ತಿದ್ದರು. ಇಲ್ಲಿ ಏಸಿ ಉಂಟು, ಮಾರ್ಬಲ್ ನೆಲ ಉಂಟು. ತಲೆ ತಗ್ಗಿಸಿ ನಿಲ್ಲುವುದು ಮಾತ್ರ ಬದಲಾಗಲಿಲ್ಲ.

ಉಮ್ಮನ ಪಿಎಫ್, ನನ್ನ ಪ್ರಾವಿಷನ್

ಬೀಡಿಯ ಮಾತು ಎತ್ತಿದ್ದಕ್ಕೆ ಇನ್ನೊಂದು ಕಾರಣ ಉಂಟು. ಈ ಬರಹದ ಮುಖ್ಯ ಮಾತು ಅದೇ.

ನನ್ನ ಉಮ್ಮ ಮೊರದಲ್ಲಿ ಎಲೆ, ಹೊಗೆಸೊಪ್ಪು ಇಟ್ಟುಕೊಂಡು ಜಗಲಿಯಲ್ಲಿ ಕುಳಿತು ಬೀಡಿ ಕಟ್ಟಿದವರು. ಓದು ಬರಹ ಹೆಚ್ಚಿಲ್ಲ. ಕೂಲಿ ಕಡಿಮೆ. ಆದರೆ ಅವರಿಗೊಂದು ಪಿಎಫ್ ಇತ್ತು. ಕೂಲಿಯಿಂದ ಸ್ವಲ್ಪ, ಕಂಪನಿಯಿಂದ ಸ್ವಲ್ಪ, ಭವಿಷ್ಯನಿಧಿ ಕಚೇರಿಗೆ ಹೋಗುತ್ತಿತ್ತು. ಆ ಹಣ ಬ್ರಾಂಚಿನವರ ಪೆಟ್ಟಿಗೆಯಲ್ಲಿ ಇರಲಿಲ್ಲ, ಬೀಡಿ ಕಂಪನಿಯ ಯಜಮಾನರ ಜೇಬಿನಲ್ಲೂ ಇರಲಿಲ್ಲ. ಬ್ರಾಂಚ್ ಮುಚ್ಚಿ ಹೋದ ಮೇಲೂ ಅದು ಉಳಿಯಿತು. ಕೈ ಸೋತು ಉಮ್ಮ ಬೀಡಿ ನಿಲ್ಲಿಸಿದಾಗ ಆ ಹಣ ಬಂತು. ದೊಡ್ಡ ಮೊತ್ತ ಅಲ್ಲ. ಆದರೆ ಯಾರ ಕಾಲೂ ಹಿಡಿಯಬೇಕಾಗಲಿಲ್ಲ.

ಈಗ ಇಲ್ಲಿಗೆ ಬನ್ನಿ. ಬಿ.ಎಸ್ಸಿ. ನರ್ಸಿಂಗ್ ಓದಿ, ಪರೀಕ್ಷೆ ಬರೆದು, ಲೈಸೆನ್ಸ್ ಪಡೆದು, ಐಸಿಯುನಲ್ಲಿ ಜೀವ ಉಳಿಸುವ ಕೆಲಸ ಮಾಡುವವಳ ಗ್ರಾಚ್ಯುಟಿ ಎಲ್ಲಿದೆ? ನಾನು ಲೆಕ್ಕ ಬರೆದವನು, ಹೇಳುತ್ತೇನೆ ಕೇಳಿ. ಪ್ರತಿ ತಿಂಗಳ ಕೊನೆಗೆ ನಾನು ಒಂದು ಎಂಟ್ರಿ ಹಾಕುತ್ತಿದ್ದೆ: ಗ್ರಾಚ್ಯುಟಿ ಖರ್ಚು ಡೆಬಿಟ್, ಗ್ರಾಚ್ಯುಟಿ ಪ್ರಾವಿಷನ್ ಕ್ರೆಡಿಟ್. ಅಷ್ಟೇ. ಬ್ಯಾಂಕಿನಿಂದ ಒಂದು ಫಿಲ್ಸ್ ಕೂಡ ಕದಲುವುದಿಲ್ಲ. ಪ್ರಾವಿಷನ್ ಎಂದರೆ ಹಣ ಅಲ್ಲ. "ಇಷ್ಟು ಕೊಡಲು ಬಾಕಿ ಉಂಟು" ಎಂದು ಬರೆದಿಟ್ಟ ಚೀಟಿ. ಅಂಗಡಿಯವನ ಉದ್ರಿ ಪುಸ್ತಕದಲ್ಲಿ ನಾವು ಸಾಲಗಾರರು, ಕಂಪನಿಯ ಪುಸ್ತಕದಲ್ಲಿ ನಾವು ಸಾಲ ಕೊಟ್ಟವರು. ಬಡ್ಡಿ ಇಲ್ಲ, ಅಡವು ಇಲ್ಲ, ಪತ್ರ ಇಲ್ಲ. ಹನ್ನೆರಡು ವರ್ಷ ಕಂಪನಿ ಆ ಹಣವನ್ನು ಹೊಸ ಬ್ರಾಂಚ್ ತೆರೆಯಲು, ಹೊಸ ಸ್ಕ್ಯಾನಿಂಗ್ ಯಂತ್ರ ತರಲು ಬಳಸುತ್ತದೆ. ನಾವು ಕೇಳಿದ ದಿನ, "ಈಗ ಕ್ಯಾಶ್ ಫ್ಲೋ ಟೈಟ್" ಎನ್ನುತ್ತದೆ.

ನನಗೂ ಆದದ್ದು ಅದೇ. ಹನ್ನೊಂದು ವರ್ಷ ಇತರರ ಗ್ರಾಚ್ಯುಟಿ ಲೆಕ್ಕ ಹಾಕಿದವನು ನನ್ನದನ್ನು ಕೇಳಿದಾಗ ಐದು ಮುಂದಿನ ತಾರೀಕಿನ ಚೆಕ್ ಕೊಟ್ಟರು. ಅದಕ್ಕೆ ಮೊದಲು "ನನಗೆ ಬರಬೇಕಾದದ್ದೆಲ್ಲ ಬಂದಿದೆ" ಎಂಬ ಕಾಗದಕ್ಕೆ ಸಹಿ ಕೇಳಿದರು. ಆ ಕಾಗದದ ನಮೂನೆ ತಯಾರಿಸಿದ್ದು ಯಾರೆಂದು ಕೇಳಬೇಡಿ. ನಾಚಿಕೆ ಆಗುತ್ತದೆ.

ಕಾನೂನು ಏನು ಹೇಳುತ್ತದೆ? ಕೆಲಸ ಮುಗಿದ 14 ದಿನದೊಳಗೆ ಎಲ್ಲ ಬಾಕಿ ಕೊಡಬೇಕು. ಅಲ್ಲಿ ಕಂತಿನ ಮಾತಿಲ್ಲ. ನಮ್ಮ ಸಹಿ ತೆಗೆದುಕೊಂಡ ಮೇಲೆ ಮಾತ್ರ ಕಂತು ಎಂಬುದು "ಪರಸ್ಪರ ಒಪ್ಪಿಗೆ" ಆಗುತ್ತದೆ.

2020 ಕಲಿಸಿದ ಪಾಠ

ದೊಡ್ಡ ಕಂಪನಿ, ಹೆಸರುವಾಸಿ ಕಂಪನಿ, ಅದಕ್ಕೇನಾಗುತ್ತದೆ ಎನ್ನುವವರು 2020ನ್ನು ಮರೆತಿದ್ದಾರೆ. 1975ರಲ್ಲಿ ಅಬುಧಾಬಿಯಲ್ಲಿ ನಮ್ಮ ಉಡುಪಿಯ ಬಿ.ಆರ್. ಶೆಟ್ಟಿಯವರು ಕಟ್ಟಿದ ಎನ್‌ಎಂಸಿ, 2012ರಲ್ಲಿ ಲಂಡನ್ ಷೇರುಪೇಟೆಗೆ ಹೋಯಿತು. 2017ರಲ್ಲಿ ಅಲ್ಲಿನ ಮೊದಲ ನೂರು ಕಂಪನಿಗಳ ಪಟ್ಟಿಗೂ ಸೇರಿತು. ಕರಾವಳಿಯವರೆಲ್ಲ ಎದೆಯುಬ್ಬಿಸಿ ಹೇಳಿಕೊಂಡದ್ದು ಸುಳ್ಳಲ್ಲ. 2019ರ ಡಿಸೆಂಬರಿನಲ್ಲಿ ಮಡ್ಡಿ ವಾಟರ್ಸ್ ಎಂಬ ಅಮೆರಿಕದ ಸಂಸ್ಥೆ ಅದರ ಲೆಕ್ಕಪತ್ರದ ಮೇಲೆ ಸಂಶಯ ಎತ್ತಿತು. ಮೊದಲು ತೋರಿಸಿದ್ದ ಸಾಲ 2.1 ಶತಕೋಟಿ ಡಾಲರ್. ಮೂರು ತಿಂಗಳಲ್ಲಿ, 2020ರ ಮಾರ್ಚಿನಲ್ಲಿ, ಕಂಪನಿಯೇ ಹೇಳಿದ ಅಂಕಿ 6.6 ಶತಕೋಟಿ. ಏಪ್ರಿಲಿನಲ್ಲಿ ಲಂಡನ್ ನ್ಯಾಯಾಲಯ ಆಡಳಿತಾಧಿಕಾರಿಗಳನ್ನು ನೇಮಿಸಿತು. ಆಸ್ಪತ್ರೆಗಳು ಮುಚ್ಚಲಿಲ್ಲ. ಕೊರೊನಾ ಕಾಲದಲ್ಲಿ ಅಲ್ಲಿನ ನರ್ಸ್‌ಗಳು, ಡಾಕ್ಟರುಗಳು ಕೆಲಸ ಮಾಡುತ್ತಲೇ ಇದ್ದರು.

ತಪ್ಪು ಯಾರದ್ದು ಎಂದು ಹೇಳುವುದು ನನ್ನ ಕೆಲಸ ಅಲ್ಲ. ಶೆಟ್ಟಿಯವರು ತಾನೇ ಮೋಸ ಹೋದವನು ಎಂದು ಹೇಳಿದ್ದಾರೆ, ವಿಷಯ ಹಲವು ದೇಶಗಳ ಕೋರ್ಟು ಹತ್ತಿತು. ಲೆಕ್ಕದವನಾಗಿ ನಾನು ನೋಡುವುದು ಒಂದನ್ನೇ. ಲಂಡನ್ ಷೇರುಪೇಟೆಯ ಕಣ್ಣು, ದೊಡ್ಡ ಆಡಿಟರುಗಳ ಸಹಿ, ಬ್ಯಾಂಕುಗಳ ಪರಿಶೀಲನೆ, ಇಷ್ಟೆಲ್ಲ ಇದ್ದರೂ ನಾಲ್ಕು ಶತಕೋಟಿ ಡಾಲರಿಗಿಂತ ಹೆಚ್ಚಿನ ಸಾಲ ಪುಸ್ತಕದಲ್ಲಿ ಕಾಣಲಿಲ್ಲ. ಹಾಗಾದರೆ ಷೇರುಪೇಟೆಯ ಹೊರಗಿರುವ, ನಾಲ್ಕು ಕ್ಲಿನಿಕ್, ಆರು ಫಾರ್ಮಸಿಯ ಕಂಪನಿಯ ಪುಸ್ತಕದಲ್ಲಿ "ಗ್ರಾಚ್ಯುಟಿ ಪ್ರಾವಿಷನ್" ಎಂಬ ಒಂದು ಸಾಲನ್ನು ನಂಬಿ ನಾವು ಮಗಳ ಮದುವೆ, ಮನೆಯ ಸ್ಲ್ಯಾಬ್ ನಿಶ್ಚಯಿಸುವುದು ಯಾವ ಧೈರ್ಯದಲ್ಲಿ?

ಇಲ್ಲಿ ಸರ್ಕಾರ ಏನೂ ಮಾಡಿಲ್ಲ ಎಂದು ನಾನು ಹೇಳುವುದಿಲ್ಲ. ಕಂಪನಿ ಕೈಯೆತ್ತಿದರೆ ಒಬ್ಬ ಕಾರ್ಮಿಕನಿಗೆ 20,000 ದಿರ್ಹಮ್ ವರೆಗೆ ಸಿಗುವ ವಿಮೆ 2018ರಲ್ಲಿ ಬಂತು. ಒಳ್ಳೆಯದೇ. ಆದರೆ ಹನ್ನೆರಡು ವರ್ಷದ ಗ್ರಾಚ್ಯುಟಿ, ಮೂರು ತಿಂಗಳ ಬಾಕಿ ಸಂಬಳ, ಉಳಿದ ರಜೆಯ ಹಣ ಎಲ್ಲ ಕೂಡಿದರೆ ಅದು ಸಾಲದು. ಬೇರೆ ದಾರಿಯೂ ತೆರೆದಿದೆ. ದುಬೈಯ ಡಿಐಎಫ್‌ಸಿ ವಲಯದಲ್ಲಿ 2020ರ ಫೆಬ್ರವರಿಯಿಂದ ಗ್ರಾಚ್ಯುಟಿ ಎಂಬುದು ಪುಸ್ತಕದ ಎಂಟ್ರಿ ಅಲ್ಲ. ಯಜಮಾನ ಪ್ರತಿ ತಿಂಗಳು ಬೇಸಿಕ್‌ನ ಶೇಕಡಾ 5.83, ಐದು ವರ್ಷದ ಮೇಲಿನವರಿಗೆ ಶೇಕಡಾ 8.33, ಹೊರಗಿನ ಒಂದು ನಿಧಿಗೆ ಕಟ್ಟಬೇಕು. ಅದು ನೌಕರನ ಹೆಸರಿನಲ್ಲಿ. 2023ರಲ್ಲಿ ಅದೇ ಮಾದರಿಯ ಉಳಿತಾಯ ಯೋಜನೆ ಉಳಿದ ಖಾಸಗಿ ಕಂಪನಿಗಳಿಗೂ ಬಂತು. ಆದರೆ ಇಷ್ಟವಿದ್ದ ಯಜಮಾನ ಸೇರಬಹುದು, ಇಲ್ಲದವನು ಬಿಡಬಹುದು. ಉಮ್ಮನ ಬೀಡಿ ಪಿಎಫ್‌ಗೆ ಇದು ಹತ್ತಿರದ ಸಂಬಂಧಿ. ಸೇವೆಯ ಬಗ್ಗೆ ಮೈಕಿನಲ್ಲಿ ಮಾತಾಡುವವರೇ, ನಿಮ್ಮ ಕಂಪನಿ ಈ ಯೋಜನೆಗೆ ಸೇರಿದೆಯಾ? ಇಲ್ಲದಿದ್ದರೆ ಏಕೆ ಇಲ್ಲ? ನೀವು ಇವತ್ತಲ್ಲ ನಾಳೆ ಕೊಡಲೇಬೇಕಾದ ಹಣ ಅದು. ತಿಂಗಳು ತಿಂಗಳು ಕೊಡಲು ಏನು ಕಷ್ಟ?

ಅವರು ಹೇಳುವುದು, ನಾನು ಹೇಳುವುದು

ಇದನ್ನೆಲ್ಲ ಮಾತಾಡಿದಾಗ ಬರುವ ಉತ್ತರಗಳು ನನಗೆ ಬಾಯಿಪಾಠ.

ಒಂದನೆಯದು: "ಊರಲ್ಲಿದ್ದರೆ ಇವಳಿಗೆ ಎಷ್ಟು ಸಿಗುತ್ತಿತ್ತು ಮಾರಾಯ್ರೇ?" ಮಂಗಳೂರಿನ ಆಸ್ಪತ್ರೆಗಳು ನರ್ಸ್‌ಗಳಿಗೆ ಕಡಿಮೆ ಕೊಡುತ್ತವೆ ಎಂಬುದು ನಿಜ, ಅದರ ಬಗ್ಗೆ ಇನ್ನೊಂದು ಲೇಖನವೇ ಬರೆಯಬಹುದು. ಆದರೆ ಅಲ್ಲಿ ಒಬ್ಬ ಕಡಿಮೆ ಕೊಡುತ್ತಾನೆಂದು ಇಲ್ಲಿ ಒಬ್ಬ ಕೊಡಬೇಕಾದ್ದನ್ನು ಇಟ್ಟುಕೊಳ್ಳುವುದು ಹೇಗೆ ಸರಿ? ಇಲ್ಲಿನ ರೋಗಿಯಿಂದ ಊರಿನ ದರದಲ್ಲಿ ಬಿಲ್ ಮಾಡುತ್ತೀರಾ?

ಎರಡನೆಯದು: "ಎಲ್ಲ ಕಾನೂನು ಪ್ರಕಾರವೇ ಉಂಟು." ಬೇಸಿಕ್ ಕಡಿಮೆ ಇಡುವುದು ಕಾನೂನು ಮುರಿಯುವುದಲ್ಲ, ಒಪ್ಪಿದೆ. ಕಾನೂನು ಬಿಟ್ಟ ಸಂದಿಯಲ್ಲಿ ನುಗ್ಗುವುದು ಅದು. ಬೇಲಿ ಇಲ್ಲ ಎಂದು ಪಕ್ಕದವನ ತೆಂಗಿನಕಾಯಿ ಹೆಕ್ಕುವವನೂ ಬೇಲಿ ಮುರಿದಿರುವುದಿಲ್ಲ.

ಮೂರನೆಯದು: "ಸಬರ್ ಮಾಡಿ." ಇದನ್ನು ಹೇಳುವವರು ನಮ್ಮವರೇ ಆದ್ದರಿಂದ ಹೆಚ್ಚು ನೋವು. ಕೆಲಸದವನ ಬೆವರು ಆರುವ ಮೊದಲು ಕೂಲಿ ಕೊಡಬೇಕೆಂದು ನಾವು ಮದ್ರಸದಲ್ಲಿ ಕಲಿತದ್ದು. ಆ ಪಾಠ ಯಜಮಾನನಿಗೆ ಹೇಳಿದ್ದು. ಅದನ್ನು ಅವನಿಗೆ ನೆನಪಿಸದೆ, ಕೂಲಿ ಸಿಗದವನಿಗೆ ತಾಳ್ಮೆ ಬೋಧಿಸುವುದು ಪಾಠವನ್ನು ತಲೆಕೆಳಗೆ ಹಿಡಿದಂತೆ.

ನಾಲ್ಕನೆಯದು, ಸ್ವಲ್ಪ ಭಾರದ್ದು: "ನಮ್ಮೂರವರ ಕಂಪನಿ, ನೂರಾರು ಮಂದಿಗೆ ಅನ್ನ ಕೊಟ್ಟಿದೆ. ಹೆಸರು ಕೆಡಿಸಬಾರದು." ಊರವರು ಕಂಪನಿ ಕಟ್ಟಿದ್ದಕ್ಕೆ ನನಗೂ ಅಭಿಮಾನ ಉಂಟು. ನನಗೆ ಮೊದಲ ಕೆಲಸ ಕೊಟ್ಟದ್ದೂ ಊರವರೇ. ಅನ್ನದ ಋಣ ಸುಳ್ಳಲ್ಲ. ಆದರೆ ಆ ಅನ್ನವನ್ನು ಅವರು ದಾನ ಕೊಟ್ಟದ್ದಲ್ಲ, ನಾವು ದುಡಿದು ತಿಂದದ್ದು. ಊರವರು ಎಂಬ ಸಲಿಗೆ ಕೆಲಸ ಕೊಡುವಾಗ ಇದ್ದರೆ ಲೆಕ್ಕ ಚುಕ್ತಾ ಮಾಡುವಾಗಲೂ ಇರಬೇಕು. ನಾನು ಕಂಡದ್ದು ಉಲ್ಟಾ. ಬೇರೆ ದೇಶದ ಡಾಕ್ಟರ್ ವಕೀಲರ ಪತ್ರ ಕಳಿಸಿದರೆ ಅವರ ಸೆಟ್ಲ್‌ಮೆಂಟ್ ವಾರದಲ್ಲಿ ಆಗುತ್ತಿತ್ತು. ಊರಿನ ಡ್ರೈವರ್ "ದೊಡ್ಡವರಿಗೆ ಬೇಸರ ಆಗಬಾರದು" ಎಂದು ಎಂಟು ತಿಂಗಳು ಕಾದ. ಗೌರವ ಕೊಟ್ಟವನ ಫೈಲ್ ಯಾವಾಗಲೂ ಅಡಿಯಲ್ಲಿ.

ನಾವು ಏನು ಮಾಡಬಹುದು

ಬೈದು ಮುಗಿಸುವುದು ಸುಲಭ. ಕೈಯಲ್ಲಿ ಆಗುವ ಕೆಲವು ಕೆಲಸ ಹೇಳುತ್ತೇನೆ.

ಊರಿಂದ ತಮ್ಮ, ತಂಗಿ, ಮಗಳು ಯಾರಾದರೂ ಆಫರ್ ಲೆಟರ್ ಕಳಿಸಿದರೆ ಒಟ್ಟು ಸಂಬಳ ನೋಡಿ "ಆಯ್ತು ಬಾ" ಎನ್ನಬೇಡಿ. ಬೇಸಿಕ್ ಎಷ್ಟು ಎಂದು ಕೇಳಿ. ಸಹಿಗೆ ಮೊದಲು 500 ದಿರ್ಹಮ್ ಬೇಸಿಕ್‌ಗೆ ಸೇರಿಸಲು ಕೇಳಿದರೆ ಕಂಪನಿಗೆ ಆ ತಿಂಗಳು ಒಂದು ಫಿಲ್ಸ್ ಹೆಚ್ಚು ಖರ್ಚಿಲ್ಲ, ಹಾಗಾಗಿ ಕೆಲವರು ಒಪ್ಪುತ್ತಾರೆ. ಸಹಿ ಬಿದ್ದ ಮೇಲೆ ಯಾರೂ ಒಪ್ಪುವುದಿಲ್ಲ. ವೀಸಾ, ರಿಕ್ರೂಟ್‌ಮೆಂಟ್ ಖರ್ಚು ಎಂದು ಯಜಮಾನ ನೌಕರನಿಂದ ಹಣ ಪಡೆಯುವುದನ್ನು ಇಲ್ಲಿನ ಕಾನೂನು ಒಪ್ಪುವುದಿಲ್ಲ, ಅದೂ ನೆನಪಿರಲಿ.

ವರ್ಷಕ್ಕೊಮ್ಮೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ: "ಇವತ್ತಿನ ತಾರೀಕಿಗೆ ನನ್ನ ಗ್ರಾಚ್ಯುಟಿ ಎಷ್ಟು, ದಯವಿಟ್ಟು ತಿಳಿಸಿ." ಜಗಳ ಅಲ್ಲ, ವಿಚಾರಣೆ. ಉತ್ತರ ಬಂದರೆ ಅದು ದಾಖಲೆ. ಬಾರದಿದ್ದರೂ ನೀವು ಕೇಳಿದ್ದು ದಾಖಲೆ. ಸಂಬಳದ ಚೀಟಿ, ಡ್ಯೂಟಿ ರೋಸ್ಟರ್, ಕಾಂಟ್ರಾಕ್ಟ್ ಪ್ರತಿ, ಎಲ್ಲ ನಿಮ್ಮ ಸ್ವಂತ ಮೇಲ್‌ನಲ್ಲಿರಲಿ. ಕಂಪನಿ ಮೇಲ್ ಕೊನೆಯ ದಿನ ಮಧ್ಯಾಹ್ನಕ್ಕೇ ಬಂದ್ ಆಗುತ್ತದೆ. ರೋಗಿಯ ದಾಖಲೆ ಮಾತ್ರ ಮುಟ್ಟಬೇಡಿ, ಅದು ಬೇರೆಯೇ ಅಪರಾಧ.

ಹಣ ಕೈಗೆ ಬರದೆ "ಎಲ್ಲ ಬಂದಿದೆ" ಎಂಬ ಕಾಗದಕ್ಕೆ ಸಹಿ ಬೇಡ. ಅರಬಿಯಲ್ಲಿದ್ದರೆ ಓದಿಸಿ ತಿಳಿದುಕೊಳ್ಳಿ. ಕೊಡದಿದ್ದರೆ ಕಾರ್ಮಿಕ ಸಚಿವಾಲಯಕ್ಕೆ ದೂರು ಕೊಡಿ. 2024ರಿಂದ 50,000 ದಿರ್ಹಮ್ ವರೆಗಿನ ತಕರಾರಿನಲ್ಲಿ ಸಚಿವಾಲಯವೇ ತೀರ್ಮಾನ ಕೊಡಬಹುದು. ಒಂದು ಲಕ್ಷ ದಿರ್ಹಮ್ ವರೆಗಿನ ದಾವೆಗೆ ಕೋರ್ಟ್ ಶುಲ್ಕ ಇಲ್ಲ. ಕೆಲಸ ಬಿಟ್ಟ ಎರಡು ವರ್ಷದೊಳಗೆ ಕೇಳಬೇಕು, ಆಮೇಲೆ ಬಾಗಿಲು ಮುಚ್ಚುತ್ತದೆ. ನನ್ನ ಕೊನೆಯ ಎರಡು ಚೆಕ್ ವಾಪಸ್ ಬಂದಾಗ ನಾನು ದೂರು ಕೊಟ್ಟೆ. ಹತ್ತು ದಿನದಲ್ಲಿ ಫೋನ್ ಬಂತು, ಹಣವೂ ಬಂತು. ಹನ್ನೊಂದು ವರ್ಷದ ಗೌರವದಿಂದ ಆಗದ ಕೆಲಸ ಒಂದು ಅರ್ಜಿಯಿಂದ ಆಯಿತು.

ಇನ್ನು ನಮ್ಮ ಸಂಘಟನೆಗಳಿಗೆ ಒಂದು ಮಾತು, ಈ ಪತ್ರಿಕೆಗೂ ಸೇರಿಸಿಯೇ. ಊರಿಗೆ ಮೃತದೇಹ ಕಳಿಸುವಾಗ, ರಕ್ತದಾನ ಮಾಡುವಾಗ, ಟಿಕೆಟಿಲ್ಲದವನಿಗೆ ಟಿಕೆಟ್ ಮಾಡುವಾಗ ನಾವು ಮುಂದೆ ಇದ್ದೇವೆ. ಆ ಕೆಲಸ ಸಣ್ಣದಲ್ಲ. ಆದರೆ ಟಿಕೆಟಿಗೆ ನಾವು ಚಂದಾ ಎತ್ತುವ ಎಷ್ಟೋ ಮಂದಿಗೆ ಅವರ ಸರ್ವಿಸ್ ದುಡ್ಡು ಸರಿಯಾಗಿ ಸಿಕ್ಕಿದ್ದರೆ ಚಂದಾ ಬೇಕಾಗುತ್ತಿರಲಿಲ್ಲ. ಕಂಪನಿ ಕೊಡಬೇಕಾದದ್ದನ್ನು ಬಡವರ ಜೇಬಿನಿಂದ ಎತ್ತಿ, ಆ ಕಂಪನಿಯವರಿಗೇ ಶಾಲು ಹೊದಿಸುವುದು ಯಾವ ಲೆಕ್ಕ? ಜಾಹೀರಾತು ನಿಲ್ಲುತ್ತದೆ ಎಂಬ ಹೆದರಿಕೆ ನನಗೆ ಅರ್ಥವಾಗುತ್ತದೆ. ನಾನೂ ಹೆದರಿದವನೇ. ಶಾಲು ಬೇಡ ಎಂದು ನಾನು ಹೇಳುವುದಿಲ್ಲ. ಶಾಲು ಹೊದಿಸುವ ಮೊದಲು ಎರಡು ಪ್ರಶ್ನೆ ಕೇಳೋಣ: ನಿಮ್ಮಲ್ಲಿ ನರ್ಸಿನ ಬೇಸಿಕ್ ಒಟ್ಟು ಸಂಬಳದ ಎಷ್ಟು ಪಾಲು? ಅವರ ಗ್ರಾಚ್ಯುಟಿ ಪುಸ್ತಕದಲ್ಲಿದೆಯಾ, ನಿಧಿಯಲ್ಲಿದೆಯಾ? ಒಳ್ಳೆಯ ಉತ್ತರ ಕೊಟ್ಟವರಿಗೆ ಎರಡು ಶಾಲು ಹೊದಿಸೋಣ.

ಮತ್ತೆ ನನ್ನಂತೆ ಲೆಕ್ಕ ಬರೆಯುವವರಿಗೆ. ಈ ದೇಶದ ಆಸ್ಪತ್ರೆಗಳ ಅಕೌಂಟ್ಸ್ ವಿಭಾಗಗಳಲ್ಲಿ ಕರಾವಳಿಯ ಬಿ.ಕಾಂ.ನವರು ಎಷ್ಟು ಮಂದಿ ಇದ್ದೇವೆ ಎಂದು ನಮಗೇ ಗೊತ್ತು. ಬೇಸಿಕ್ ಎಷ್ಟಿರಬೇಕೆಂದು ನಿರ್ಧರಿಸುವವರು ನಾವಲ್ಲ, ನಿಜ. ಆದರೆ ಒಬ್ಬ ಹುಡುಗಿ ಕೌಂಟರಿನ ಹತ್ತಿರ ಬಂದು "ಅಣ್ಣ, ಈ ಕಾಗದ ಏನು?" ಎಂದು ಕೇಳಿದಾಗ ಸತ್ಯ ಹೇಳುವುದು ನಮ್ಮ ಕೈಯಲ್ಲಿದೆ. ಹನ್ನೊಂದು ವರ್ಷ ನಾನು "ಅದೊಂದು ಫಾರ್ಮಾಲಿಟಿ, ಸಹಿ ಹಾಕು" ಎಂದೆ. ಈಗ ಹಾಗೆ ಹೇಳುವುದಿಲ್ಲ.

ಬೆಳ್ತಂಗಡಿಯ ಆ ತಂಗಿಯ ಎರಡು ಕಂತು ಬಂದಿದೆ, ನಾಲ್ಕು ಬಾಕಿ. ತಾಯಿಯನ್ನು ನೋಡಲು ಅವಳು ಊರಿಗೆ ಹೋಗಿ ಆಯಿತು. ದೂರಿನ ಕಾಗದ ನಾನು ಬರೆದುಕೊಟ್ಟಿದ್ದೇನೆ, ಅವಳ ಪರವಾಗಿ ಇಲ್ಲಿ ಓಡಾಡುವವನೂ ನಾನೇ. ಮುಂದಿನ ಕಾರ್ಯಕ್ರಮದಲ್ಲಿ ಯಾರಾದರೂ ಮೈಕಿನಲ್ಲಿ "ಸೇವೆ" ಎಂದರೆ ಹಿಂದಿನ ಸಾಲಿನಿಂದ ಒಂದು ಕೈ ಏಳುತ್ತದೆ. ಅದು ನನ್ನದು. ಒಂದೇ ಕೈ ಆಗದಿರಲಿ ಎಂದು ಇಷ್ಟು ಬರೆದೆ.